ಕೊಕ್ಕೋ ದುಡ್ಡು

ಅಡಿಕೆ ತೋಟವಿರುವ ಮನೆಗಳಲ್ಲಿ ದುಡ್ಡಿಗೆ ಎರಡು ಜಾತಿ. ಒಂದು ಅಡಿಕೆ ದುಡ್ಡು. ಅದು ವರ್ಷಕ್ಕೊಮ್ಮೆ, ಹೆಚ್ಚೆಂದರೆ ಎರಡು ಸಲ ಬರುತ್ತದೆ. ಬರುವಾಗಲೇ ಸೊಸೈಟಿಯ ಸಾಲ, ಮದ್ದು ಬಿಟ್ಟವರ ಸಂಬಳ, ಗೊಬ್ಬರದ ಅಂಗಡಿಯ ಬಾಕಿ, ಮನೆಯ ಮಾಡು ರಿಪೇರಿ ಎಂದು ಮೈಮೇಲೆಲ್ಲ ಹೆಸರು ಬರೆಸಿಕೊಂಡೇ ಬರುತ್ತದೆ. ಗಂಡಸರ ಕಿಸೆಯಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಸಾಲದವರಿಗೆ ಅದು ಹೋಗಿ ಮುಗಿಯುವಾಗ ಮನೆಯ ಹೆಂಗಸರು ಅದನ್ನು ಕಣ್ಣಿನಲ್ಲಿ ಕಂಡಿರುವುದೂ ಅಪರೂಪ. ಇನ್ನೊಂದು ಕೊಕ್ಕೋ ದುಡ್ಡು. ಅದು ವಾರವಾರ, ಹದಿನೈದು ದಿನಕ್ಕೊಮ್ಮೆ, ಸಣ್ಣ ಸಣ್ಣ ನೋಟುಗಳಲ್ಲಿ ಬರುತ್ತದೆ. ಅದಕ್ಕೆ ಯಾರೂ ಲೆಕ್ಕ ಬರೆಯುವುದಿಲ್ಲ. ಕಡಬದ ಕಡೆಯ ನಮ್ಮ ಮನೆಯಲ್ಲಿ ಅದು ಅಮ್ಮನ ದುಡ್ಡು. ಅಡುಗೆಮನೆಯ ಅಟ್ಟದಲ್ಲಿ, ಮೆಣಸಿನ ಭರಣಿಯ ಹಿಂದೆ, ಒಂದು ಹಳೆಯ ಬೋರ್ನ್‌ವಿಟಾ ಡಬ್ಬಿಯಲ್ಲಿ ಅದು ಕುಳಿತಿರುತ್ತಿತ್ತು. ನನ್ನ ಕಾಲೇಜಿನ ಫೀಸು, ತಂಗಿಯ ಹೊಲಿಗೆ ಮಿಷನ್ನು, ಅಜ್ಜಿಯ ಕಣ್ಣಿನ ಆಪರೇಷನ್ನು, ಎಲ್ಲ ಹೊರಟದ್ದು ಆ ಡಬ್ಬಿಯಿಂದ.

ಪುತ್ತೂರು, ಸುಳ್ಯ, ಕಡಬದ ಇತಿಹಾಸ ಬರೆಯುವವರು ಸಾಮಾನ್ಯವಾಗಿ ದೇವಸ್ಥಾನದಿಂದ, ಇಲ್ಲವೆ ಬಲ್ಲಾಳರಿಂದ ಶುರು ಮಾಡುತ್ತಾರೆ. ನನಗೆ ಅನ್ನಿಸುವುದು, ನಮ್ಮ ಮೂರು ತಾಲೂಕುಗಳ ಕಳೆದ ಇನ್ನೂರು ವರ್ಷದ ಕತೆಯನ್ನು ಒಂದೇ ಪ್ರಶ್ನೆಯ ಸುತ್ತ ಹೇಳಿಬಿಡಬಹುದು: ಬೆಳೆದದ್ದಕ್ಕೆ ಬೆಲೆ ಕಟ್ಟುವವರು ಯಾರು?

1837ರ ದಂಗೆಯನ್ನೇ ನೋಡಿ. ಕಲ್ಯಾಣಪ್ಪನ ಕಾಟಕಾಯಿ ಎಂದು ಗೇಲಿಯ ಹೆಸರಿನಲ್ಲಿ ನಾವು ಕೇಳಿದ್ದೇ ಅಮರಸುಳ್ಯದ ರೈತರ ಹೋರಾಟ. ಕೊಡಗಿನ ಅರಸರ ಆಳ್ವಿಕೆಗೆ ಸೇರಿದ್ದ ಸುಳ್ಯ, ಪುತ್ತೂರಿನ ಭಾಗಗಳು 1834ರಲ್ಲಿ ಕೊಡಗು ಇಂಗ್ಲಿಷರ ವಶವಾದ ಮೇಲೆ ಕೆನರಾ ಜಿಲ್ಲೆಗೆ ಸೇರಿದವು. ಅರಸರ ಕಾಲದಲ್ಲಿ ಕಂದಾಯವನ್ನು ಬೆಳೆಯ ರೂಪದಲ್ಲಿ ಸಲ್ಲಿಸುವುದಿತ್ತು. ಕಂಪೆನಿ ಸರಕಾರ ಅದನ್ನು ನಗದಾಗಿ ಕೇಳಿತು. ಕೇಳುವುದಕ್ಕೆ ಇದು ಸಣ್ಣ ಬದಲಾವಣೆ. ಆದರೆ ಸಂಸಾರ ನಡೆಸಿದವರಿಗೆ ಇದರ ಭಾರ ಹೇಳದೆಯೂ ತಿಳಿಯುತ್ತದೆ. ಕಂದಾಯದ ಗಡು ಹತ್ತಿರ ಬಂದಾಗ ಅಕ್ಕಿಯನ್ನೋ ಅಡಿಕೆಯನ್ನೋ ಮೆಣಸನ್ನೋ ಸಿಕ್ಕಿದ ಬೆಲೆಗೆ ಮಾರಲೇಬೇಕು. ಇವತ್ತು ಇವನಿಗೆ ಹಣ ಬೇಕೇ ಬೇಕು ಎಂದು ಕೊಳ್ಳುವವನಿಗೆ ಗೊತ್ತು. ಗೊತ್ತಿದ್ದ ಮೇಲೆ ತಕ್ಕಡಿ ಯಾವ ಕಡೆ ವಾಲುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ಕೆದಂಬಾಡಿ ರಾಮಯ್ಯ ಗೌಡರಂಥವರು ಮುಂದಾದರು, ಬೆಳ್ಳಾರೆಯ ಖಜಾನೆ ವಶವಾಯಿತು, ದಂಡು ಪುತ್ತೂರು, ಬಂಟ್ವಾಳ ದಾಟಿ ಮಂಗಳೂರಿಗೆ ಹೋಯಿತು. ಸುಮಾರು ಎರಡು ವಾರ ಮಂಗಳೂರು ಅವರ ಕೈಯಲ್ಲಿತ್ತು. ಆಮೇಲೆ ಕಣ್ಣೂರಿನಿಂದ, ಮುಂಬಯಿಯಿಂದ ಸೈನ್ಯ ಬಂತು, ನಾಯಕರನ್ನು ಗಲ್ಲಿಗೇರಿಸಿದರು. ಮಂಗಳೂರಿನ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ನಿಂತದ್ದು 2022ರಲ್ಲಿ, 185 ವರ್ಷ ಕಳೆದ ಮೇಲೆ. ದಂಗೆಗೆ ಕಾರಣಗಳು ಬೇರೆಯೂ ಇದ್ದವು. ಅರಸೊತ್ತಿಗೆಯ ಅಭಿಮಾನ ಇತ್ತು, ಅಧಿಕಾರ ಕಳೆದುಕೊಂಡವರ ಸಿಟ್ಟೂ ಇತ್ತು. ಆದರೆ ಮನೆಮನೆಯಿಂದ ಜನ ಕತ್ತಿ ಹಿಡಿದು ಹೊರಟದ್ದರಲ್ಲಿ ಈ ನಗದು ಕಂದಾಯದ ಪಾಲು ದೊಡ್ಡದು.

ಕತ್ತಿಯಿಂದ ಆಗದ ಕೆಲಸವನ್ನು ಲೆಕ್ಕದ ಪುಸ್ತಕದಿಂದ ಮಾಡಲು ಹೊರಟವರು ಮೊಳಹಳ್ಳಿ ಶಿವರಾಯರು. ಪುತ್ತೂರಿನ ವಕೀಲರು, 1880ರಲ್ಲಿ ಹುಟ್ಟಿದವರು. ದೇಶದಲ್ಲಿ ಸಹಕಾರಿ ಸಂಘಗಳ ಕಾನೂನು ಬಂದದ್ದು 1904ರಲ್ಲಿ. ಕೆಲವೇ ವರ್ಷಗಳಲ್ಲಿ ಶಿವರಾಯರು ಪುತ್ತೂರಿನಲ್ಲಿ ಸಂಘ ಕಟ್ಟಿದರು. ಜಿಲ್ಲೆಯ ಕೇಂದ್ರ ಸಹಕಾರಿ ಬ್ಯಾಂಕು ಮೊದಲು ಹುಟ್ಟಿದ್ದು ಮಂಗಳೂರಿನಲ್ಲಲ್ಲ, ನಮ್ಮ ಪುತ್ತೂರಿನಲ್ಲಿ. ಅದು ಮಂಗಳೂರಿಗೆ ಹೋದದ್ದು ಆಮೇಲೆ. ಕೋರ್ಟಿನಲ್ಲಿ ಸಾಲದ ದಾವೆಗಳನ್ನು ನೋಡಿ ನೋಡಿ ಅವರಿಗೆ ರೈತನ ಮನೆ ಹೇಗೆ ಕೈತಪ್ಪಿ ಹೋಗುತ್ತದೆ ಎಂಬುದು ಬಾಯಿಪಾಠವಾಗಿದ್ದಿರಬೇಕು ಎಂದು ನನ್ನ ಊಹೆ. ಶಿವರಾಮ ಕಾರಂತರು ಪುತ್ತೂರಿನಲ್ಲಿ ನೆಲೆ ನಿಂತದ್ದರ ಹಿಂದೆ, ನಾಡಹಬ್ಬ ನಡೆದದ್ದರ ಹಿಂದೆ, ಶಾಲೆ, ವಾಚನಾಲಯಗಳ ಹಿಂದೆ ಇದೇ ಶಿವರಾಯರ ಕೈ ಇತ್ತು. ಕಾರಂತರ ಹೆಸರಿನ ಬೆಳಕಿನಲ್ಲಿ ಶಿವರಾಯರು ಸ್ವಲ್ಪ ಮಂಕಾಗಿ ಕಾಣುತ್ತಾರೆ. ಪುತ್ತೂರಿನ ಮಕ್ಕಳಿಗೆ ಬಾಲವನ ಗೊತ್ತು. ಸಹಕಾರಿ ಪಿತಾಮಹ ಎಂದು ಹಿರಿಯರು ಯಾರನ್ನು ಕರೆಯುತ್ತಿದ್ದರು ಎಂದು ಕೇಳಿದರೆ ಮಿಕಮಿಕ ನೋಡುತ್ತಾರೆ. 1967ರಲ್ಲಿ ಅವರು ತೀರಿಕೊಂಡಾಗ ಜಿಲ್ಲೆಯ ಹಳ್ಳಿ ಹಳ್ಳಿಯಲ್ಲಿ ಸೊಸೈಟಿ ಇತ್ತು.

ಸಾಲವೇನೋ ಸಿಕ್ಕಿತು. ಬೆಲೆ? ಅದು ಸಿಕ್ಕಿರಲಿಲ್ಲ. ನಮ್ಮ ಚಾಲಿ ಅಡಿಕೆ ಹೋಗುವುದು ಹೆಚ್ಚಾಗಿ ಗುಜರಾತು, ಮಹಾರಾಷ್ಟ್ರ, ಇನ್ನೂ ಉತ್ತರಕ್ಕೆ. ಅಲ್ಲಿ ಯಾರು ತಿನ್ನುತ್ತಾರೆ, ಎಷ್ಟು ಕೊಟ್ಟು ತಿನ್ನುತ್ತಾರೆ ಎಂದು ಸುಳ್ಯದ ಕಣಿವೆಯಲ್ಲಿ ಅಡಿಕೆ ಸುಲಿಯುವ ಹೆಂಗಸಿಗೆ ಗೊತ್ತಾಗುವುದು ಹೇಗೆ? 1970ರ ದಶಕದ ಆರಂಭದಲ್ಲಿ ಅಡಿಕೆಯ ಬೆಲೆ ಕುಸಿದು ಬಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ನಮ್ಮ ಕಡೆಯವರಿಗೆ ಆ ವರ್ಷಗಳಲ್ಲಿ ಬೇರೆಯೇ ಅರ್ಥ ಕೊಟ್ಟಿತು. ಆಗ ಅಡ್ಯನಡ್ಕದ ಕೃಷಿಕರು ವಾರಣಾಶಿ ಸುಬ್ರಾಯ ಭಟ್ಟರು ಮುಂದೆ ನಿಂತು ಊರೂರು ತಿರುಗಿದರು. ಅಡಿಕೆ ಬೆಳೆಯುವವರೇ ಸೇರಿ ಅಡಿಕೆ ಕೊಳ್ಳುವ ಸಂಸ್ಥೆ ಮಾಡಬೇಕು ಎಂಬುದು ಮಾತು. ಕರ್ನಾಟಕ, ಕೇರಳ ಎರಡು ಸರಕಾರಗಳೂ ಒಪ್ಪಿದವು. 1973ರ ಜುಲೈ 11ರಂದು ಕ್ಯಾಂಪ್ಕೊ ನೋಂದಣಿಯಾಯಿತು. ಭಟ್ಟರು ಅದರ ಸ್ಥಾಪಕಾಧ್ಯಕ್ಷರು.

ಕ್ಯಾಂಪ್ಕೊದ ಉಪಾಯ ಬಹಳ ಸರಳವಾದದ್ದು. ಅದು ಮಾರುಕಟ್ಟೆಯ ಅಡಿಕೆಯನ್ನೆಲ್ಲ ಕೊಳ್ಳುವುದಿಲ್ಲ, ಕೊಳ್ಳಲು ಆಗುವುದೂ ಇಲ್ಲ. ಆದರೆ ಪ್ರತಿದಿನ ತನ್ನ ಶಾಖೆಯಲ್ಲಿ ಇವತ್ತಿನ ಬೆಲೆ ಇಷ್ಟು ಎಂದು ಬೋರ್ಡು ಹಾಕುತ್ತದೆ. ಪಕ್ಕದ ಅಂಗಡಿಯ ವ್ಯಾಪಾರಿ ಅದಕ್ಕಿಂತ ಕಡಮೆ ಹೇಳಿದರೆ ಅವನ ಅಂಗಡಿಗೆ ಗೋಣಿ ಇಳಿಯುವುದಿಲ್ಲ. ಪಟೋರ, ಉಳ್ಳಿ, ಕರಿಗೋಟು ಎಂದು ವಿಂಗಡಿಸುವಾಗಿನ ಕೈಚಳಕಕ್ಕೂ ಒಂದು ಹಗ್ಗ ಬಿತ್ತು. ಮರುವರ್ಷ, 1974ರಲ್ಲಿ, ಭೂಸುಧಾರಣೆಯ ತಿದ್ದುಪಡಿ ಬಂದು ಗೇಣಿದಾರರು ಒಕ್ಕಲು ಮಾಡುತ್ತಿದ್ದ ಭೂಮಿಯ ಒಡೆಯರಾದರು. ಹಿಂದೆ ಹತ್ತು ದೊಡ್ಡ ಮನೆಗಳು ಅಡಿಕೆ ಮಾರುತ್ತಿದ್ದಲ್ಲಿ ಈಗ ನೂರು ಸಣ್ಣ ಮನೆಗಳು. ಅಂಥ ಮನೆಗಳಿಗೆ ಆ ಬೆಲೆ ಬೋರ್ಡು ಎಷ್ಟು ಆಸರೆ ಕೊಟ್ಟಿತೆಂಬುದನ್ನು ನಾನು ಕಣ್ಣಾರೆ ಕಂಡವಳು. ನಮ್ಮದೂ ಅಂಥದೇ ಮನೆ.

ಇನ್ನು ಕೊಕ್ಕೋ. ಅದು ನಮ್ಮದಲ್ಲ. ದಕ್ಷಿಣ ಅಮೆರಿಕದ ಕಾಡಿನ ಮರ, ಮೆಕ್ಸಿಕೋದ ಮೂಲನಿವಾಸಿಗಳು ಅದರ ಬೀಜವನ್ನು ನಾಣ್ಯದ ಹಾಗೆ ಬಳಸುತ್ತಿದ್ದರಂತೆ. (ಕೊಕ್ಕೋ ಬೀಜವೇ ದುಡ್ಡು! ಅಮ್ಮನಿಗೆ ಇದನ್ನು ಹೇಳಿದಾಗ, ‘ಹಾಗಾದರೆ ಅಳಿಲು ನಮ್ಮ ದುಡ್ಡನ್ನೇ ತಿನ್ನುವುದು ಅನ್ನು’ ಎಂದಿದ್ದರು.) ಭಾರತದಲ್ಲಿ ಅದನ್ನು ತೋಟದ ಬೆಳೆಯಾಗಿ ಹಬ್ಬಿಸಲು ಕ್ಯಾಡ್‌ಬರಿ ಕಂಪೆನಿ ಕೈಹಾಕಿದ್ದು 1965ರಲ್ಲಿ. ಕೊಕ್ಕೋಗೆ ನೆರಳು ಬೇಕು, ತಂಪು ಬೇಕು. ನಮ್ಮ ಅಡಿಕೆ ತೋಟ ಅದಕ್ಕೆ ಹೇಳಿ ಮಾಡಿಸಿದ ಜಾಗ. ವಿಟ್ಲದ ಸಂಶೋಧನಾ ಕೇಂದ್ರದವರೂ ಅಡಿಕೆಯ ಸಾಲಿನ ನಡುವೆ ಅದು ಚೆನ್ನಾಗಿ ಬರುತ್ತದೆ ಎಂದರು. ಎಪ್ಪತ್ತರ ದಶಕದಲ್ಲಿ ತೋಟ ತೋಟಗಳಲ್ಲಿ ಕೊಕ್ಕೋ ಎದ್ದಿತು. ಕಾಯಿ ಬಿಡುವುದು ಕೊಂಬೆಯ ತುದಿಯಲ್ಲಲ್ಲ, ಹಲಸಿನ ಹಾಗೆ ಕಾಂಡಕ್ಕೇ ಅಂಟಿಕೊಂಡು. ಹಾಗಾಗಿ ಮರ ಹತ್ತುವವರು ಬೇಡ, ದೋಟಿಯೂ ಅಷ್ಟಾಗಿ ಬೇಡ. ಹೆಂಗಸರೇ ಕೊಯ್ಯಬಹುದು. ಕಾಯಿ ಒಡೆಯುವುದಕ್ಕೆ ಕತ್ತಿ ಹಾಕಬಾರದು, ಬೀಜಕ್ಕೆ ಗಾಯವಾಗುತ್ತದೆ. ಕಲ್ಲಿಗೆ ಬಡಿದು ಎರಡು ಹೋಳು ಮಾಡಬೇಕು. ಒಳಗೆ ಬಿಳಿ ಲೋಳೆಯಲ್ಲಿ ಮುಳುಗಿದ ಬೀಜ. ಅಂಗಳದ ಮೂಲೆಯಲ್ಲಿ ಅಮ್ಮ, ನಾವು ಮಕ್ಕಳು, ಕೆಲಸಕ್ಕೆ ಬರುವ ಹೆಂಗಸರು ಸುತ್ತ ಕುಳಿತು ಬೀಜ ಬಿಡಿಸುತ್ತಿದ್ದೆವು. ಲೋಳೆ ಸಿಹಿಯಾಗಿರುವುದರಿಂದ ಮಕ್ಕಳ ಬಾಯಿಗೆ ಹೋದದ್ದೇ ಅರ್ಧ. ಬಕೀಟು ತುಂಬಿದ ಮೇಲೆ ಅದನ್ನು ಇಟ್ಟುಕೊಳ್ಳುವ ಹಾಗಿಲ್ಲ, ಹುಳಿಯುತ್ತದೆ. ಅಡಿಕೆಯನ್ನು ಬೆಲೆ ಬರಲಿ ಎಂದು ವರ್ಷಗಟ್ಟಲೆ ಅಟ್ಟದಲ್ಲಿಡಬಹುದು. ಕೊಕ್ಕೋ ಹಾಗಲ್ಲ, ಹಸಿ ಬೀಜವನ್ನು ಅವತ್ತೇ, ಹೆಚ್ಚೆಂದರೆ ಮರುದಿನ ಕೊಟ್ಟು ಬರಬೇಕು. ಸಂಸ್ಕರಣೆಗೆ ಹುಳಿಸಿ ಒಣಗಿಸಿದಾಗ ಮೂರು ಕಿಲೋ ಹಸಿ ಬೀಜ ಒಂದು ಕಿಲೋ ಆಗುತ್ತದೆ, ಆ ಕೆಲಸಕ್ಕೆ ಮಳೆಗಾಲದ ನಮ್ಮ ಅಂಗಳ ಸಾಲದು. ಇದರಲ್ಲಿ ಒಂದು ಅಪಾಯ ಅಡಗಿತ್ತು. ಕೊಳ್ಳುವವನು ಒಂದು ವಾರ ಬಾರದಿದ್ದರೆ ಬೆಳೆಗಾರನ ಕೈಯಲ್ಲಿ ಉಳಿಯುವುದು ನಾರುವ ಲೋಳೆ ಮಾತ್ರ.

ಆದದ್ದೂ ಹಾಗೆಯೇ. 1979-80ರ ಹೊತ್ತಿಗೆ ಹೊರದೇಶದ ಮಾರುಕಟ್ಟೆಯಲ್ಲಿ ಕೊಕ್ಕೋ ಬೆಲೆ ಬಿತ್ತು, ಇಲ್ಲಿ ಕೊಳ್ಳುತ್ತಿದ್ದ ಖಾಸಗಿಯವರು ಹಿಂದೆ ಸರಿದರು. ನಮ್ಮ ಊರಿಗೆ ಬರುತ್ತಿದ್ದ ವ್ಯಾಪಾರಿಯ ಜೀಪು ಒಂದು ವಾರ ಬರಲಿಲ್ಲ, ಎರಡು ವಾರ ಬರಲಿಲ್ಲ. ಅಮ್ಮ ಬಕೀಟು ಹೊತ್ತು ರಸ್ತೆಯ ತಿರುವಿನವರೆಗೆ ಹೋಗಿ ಕಾದು, ಬಿಸಿಲಿಳಿದ ಮೇಲೆ ಹಾಗೆಯೇ ಹೊತ್ತು ತಂದು ತೆಂಗಿನ ಬುಡಕ್ಕೆ ಸುರಿದರು. ಮೂರನೆಯ ವಾರ ಅಪ್ಪ ಕೊಡಲಿ ತೆಗೆದರು. ಅಡಿಕೆಗೆ ಹಾಕಿದ ಗೊಬ್ಬರವನ್ನು ಈ ಮರ ತಿನ್ನುತ್ತದೆ, ಇಲಿ ಅಳಿಲು ಕರೆಯುತ್ತದೆ, ದುಡ್ಡು ಕೊಡುವುದಿಲ್ಲ ಎಂಬುದು ಅವರ ವಾದ. ವಾದದಲ್ಲಿ ತಪ್ಪಿರಲಿಲ್ಲ. ಅಮ್ಮ ವಾದಿಸಲಿಲ್ಲ. ‘ಹಟ್ಟಿಯ ಹಿಂದಿನ ಸಾಲು ಇರಲಿ, ದನಕ್ಕೆ ನೆರಳಾಯಿತು’ ಎಂದಷ್ಟೇ ಹೇಳಿದರು. ಇಪ್ಪತ್ತು ಮರ ಉಳಿಯಿತು. ದನಕ್ಕೆ ನೆರಳು ಹಲಸಿನ ಮರದ್ದೇ ಬೇಕಾದಷ್ಟಿತ್ತು ಎಂಬುದು ನನಗೆ ಅರ್ಥವಾದದ್ದು ದೊಡ್ಡವಳಾದ ಮೇಲೆ.

ಆಗ ಎರಡೂ ಸರಕಾರಗಳು ಕೇಳಿಕೊಂಡದ್ದರಿಂದ ಕ್ಯಾಂಪ್ಕೊ ಕೊಕ್ಕೋ ಖರೀದಿಗೆ ಇಳಿಯಿತು. ಅಡಿಕೆಗೆಂದು ಹುಟ್ಟಿದ ಸಂಸ್ಥೆಗೆ ಅದು ಗೊತ್ತಿಲ್ಲದ ವ್ಯವಹಾರ. ಹಸಿ ಬೀಜ ತೆಗೆದುಕೊಂಡು, ಹುಳಿಸಿ, ಒಣಗಿಸಿ, ಹೊರದೇಶಕ್ಕೆ ಕಳುಹಿಸುವ ಪ್ರಯತ್ನ ಮಾಡಿದರು. ಹಾಗೆ ಕಳುಹಿಸುತ್ತ ಇದ್ದರೆ ಬೆಲೆ ಮತ್ತೆ ಲಂಡನ್ನು, ನ್ಯೂಯಾರ್ಕಿನ ಕೈಯಲ್ಲೇ ಇರುತ್ತದೆ. ನಾವೇ ಯಾಕೆ ಚಾಕಲೇಟು ಮಾಡಬಾರದು ಎಂಬ ಯೋಚನೆ ಬಂತು. ನಗಬೇಡಿ. ಬೀಡ ಹಾಕುವ ಊರಿನವರು ಚಾಕಲೇಟು ಮಾಡುವುದೆ ಎಂದು ಆಗ ನಕ್ಕವರು ಬೇಕಾದಷ್ಟು ಜನ ಇದ್ದರು. 1986ರ ಸೆಪ್ಟೆಂಬರ್ 1ರಂದು ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟು ಕಾರ್ಖಾನೆಯ ಉದ್ಘಾಟನೆಯಾಯಿತು. ಮಾಡಿದವರು ರಾಷ್ಟ್ರಪತಿ ಗ್ಯಾನಿ ಜೈಲ್‌ಸಿಂಗ್. ರಾಷ್ಟ್ರಪತಿಯನ್ನು ನೋಡಲು ಹೋದವರು ಮನೆಗೆ ಬಂದು ವರ್ಣಿಸಿದ್ದು ಮಾತ್ರ ರಾಷ್ಟ್ರಪತಿಯನ್ನಲ್ಲ, ಕಾರ್ಖಾನೆಯ ವಾಸನೆಯನ್ನು. ಇವತ್ತಿಗೂ ಗಾಳಿ ಸರಿಯಾಗಿ ಬೀಸಿದ ದಿನ ಆ ವಾಸನೆ ರಸ್ತೆಯ ತನಕ ಬರುತ್ತದೆ. ನಮ್ಮ ಅಂಗಳದಲ್ಲಿ ಹುಳಿ ಹುಳಿಯಾಗಿ ನಾರುತ್ತಿದ್ದ ಬೀಜಕ್ಕೂ ಈ ವಾಸನೆಗೂ ಸಂಬಂಧವಿದೆಯೆಂದು ನಂಬುವುದೇ ಕಷ್ಟ.

ಕ್ಯಾಂಪ್ಕೊ ಕೊಳ್ಳಲು ಶುರು ಮಾಡಿದ ಮೇಲೆ ಹಟ್ಟಿಯ ಹಿಂದಿನ ಇಪ್ಪತ್ತು ಮರಗಳಿಗೆ ಜೀವ ಬಂತು, ಬೋರ್ನ್‌ವಿಟಾ ಡಬ್ಬಿಗೂ. ಕಡಿದ ಸಾಲುಗಳಲ್ಲಿ ಅಪ್ಪ ಮತ್ತೆ ಗಿಡ ನೆಟ್ಟರು. ಆದರೆ ದುಡ್ಡಿನ ವಿಷಯದಲ್ಲಿ ಅವರು ಬಾಯಿ ಹಾಕಲಿಲ್ಲ; ಉಳಿಸಿದ್ದು ಅಮ್ಮನಾದ್ದರಿಂದ ಅದು ಅಮ್ಮನದೇ ಎಂದು ಮನೆಯಲ್ಲಿ ಒಂದು ಅಲಿಖಿತ ಕಾನೂನಾಯಿತು.

ಇಷ್ಟು ಹೇಳಿದ ಮೇಲೆ ನಿಮ್ಮನ್ನು ಸ್ವಲ್ಪ ಅಮೆರಿಕಕ್ಕೆ ಕರೆದುಕೊಂಡು ಹೋಗಬೇಕು. ಅಲ್ಲಿಯ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಹರ್ಷಿ ಎಂದು ಒಂದು ಊರಿದೆ. ಊರಿಗೆ ಆ ಹೆಸರು ಬಂದದ್ದು ಮಿಲ್ಟನ್ ಹರ್ಷಿ ಎಂಬ ಚಾಕಲೇಟು ದೊರೆಯಿಂದ. ಸಕ್ಕರೆ ಮಿಠಾಯಿ ಮಾಡಿ ಬೆಳೆದ ಮನುಷ್ಯ. 1900ರಲ್ಲಿ ಆ ಕಂಪೆನಿಯನ್ನು ಹತ್ತು ಲಕ್ಷ ಡಾಲರಿಗೆ ಮಾರಿ ಚಾಕಲೇಟಿಗೆ ಇಳಿದ. 1905ರಲ್ಲಿ ತಾನು ಹುಟ್ಟಿದ ಹಳ್ಳಿಯ ಹೊಲಗಳ ನಡುವೆ ಕಾರ್ಖಾನೆ ತೆರೆದ. ಸುತ್ತ ಹಾಲು ಕೊಡುವ ರೈತರು. ಕೆಲಸಗಾರರಿಗೆ ಮನೆ, ಉದ್ಯಾನ, ಟ್ರಾಮು, ಆಟದ ಕಟ್ಟಡ ಎಲ್ಲ ಅವನೇ ಕಟ್ಟಿಸಿದ. ಅವನ ಚಾಕಲೇಟಿನ ಒಂದು ಪಟ್ಟಿಗೆ ಐದು ಸೆಂಟು. ಅರವತ್ತೊಂಬತ್ತನೆಯ ಇಸವಿಯ ತನಕ, 1900ರಿಂದ 1969ರವರೆಗೆ, ಅದರ ಬೆಲೆ ಏರಿಸಲೇ ಇಲ್ಲ ಎಂದು ಕಂಪೆನಿಯ ಹೆಮ್ಮೆ. ಕೊಕ್ಕೋ ತುಟ್ಟಿಯಾದಾಗ ಏನು ಮಾಡುತ್ತಿದ್ದರು ಎಂದು ಕೇಳಿ: ಪಟ್ಟಿಯ ತೂಕವನ್ನೇ ಇಳಿಸುತ್ತಿದ್ದರು. ಬಿಸ್ಕೀಟಿನ ಪ್ಯಾಕೆಟ್ಟು ಅದೇ ಬೆಲೆಗೆ ತೆಳ್ಳಗಾಗುವುದನ್ನು ಕಂಡ ನಮಗೆ ಈ ಜಾಣ್ಮೆ ಹೊಸತೇನೂ ಅಲ್ಲ.

ಹರ್ಷಿ ಮತ್ತು ಅವನ ಹೆಂಡತಿ ಕ್ಯಾಥರೀನರಿಗೆ ಮಕ್ಕಳಿರಲಿಲ್ಲ. 1909ರಲ್ಲಿ ಇಬ್ಬರೂ ಸೇರಿ ಅನಾಥ ಮಕ್ಕಳಿಗೆಂದು ಶಾಲೆ ತೆರೆದರು. ಕ್ಯಾಥರೀನ್ 1915ರಲ್ಲಿ ತೀರಿಕೊಂಡಳು, ಮೂರು ವರ್ಷದ ಮೇಲೆ ಅವನು ತನ್ನ ಆಸ್ತಿಯ ಬಹುಪಾಲನ್ನು ಆ ಶಾಲೆಯ ಟ್ರಸ್ಟಿಗೆ ಬರೆದುಕೊಟ್ಟ. ದೊಡ್ಡ ಮನಸ್ಸೇ ಸರಿ. ಆದರೆ ಆ ಶಾಲೆ ಇದ್ದದ್ದು ಗಂಡುಹುಡುಗರಿಗೆ, ಅದೂ ಬಿಳಿಯ ಹುಡುಗರಿಗೆ. ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದು 1970ರ ದಶಕದಲ್ಲಿ! ಚಾಕಲೇಟು ತಿನ್ನುವವರಲ್ಲಿ ಹುಡುಗಿಯರೇ ಹೆಚ್ಚಿದ್ದಿರಬಹುದು ಎಂದು ಯಾರಿಗೂ ಹೊಳೆಯಲಿಲ್ಲವೋ ಏನೋ.

ಅವನು 1936ರಲ್ಲಿ ಕಟ್ಟಿಸಿದ ಆಟದ ಕಟ್ಟಡದಲ್ಲಿಯೇ 1962ರ ಮಾರ್ಚ್ 2ರಂದು ವಿಲ್ಟ್ ಚೇಂಬರ್ಲೇನ್ ಎಂಬ ಕರಿಯ ಆಟಗಾರ ಒಂದೇ ಬಾಸ್ಕೆಟ್‌ಬಾಲ್ ಪಂದ್ಯದಲ್ಲಿ 100 ಅಂಕ ಗಳಿಸಿದ. ಅಮೆರಿಕದ ವೃತ್ತಿಪರ ಆಟದಲ್ಲಿ ಅದನ್ನು ಇವತ್ತಿಗೂ ಯಾರೂ ಮುಟ್ಟಿಲ್ಲ. ನೋಡಲು ಇದ್ದವರು ನಾಲ್ಕು ಸಾವಿರ ಚಿಲ್ಲರೆ ಜನ, ಟಿ.ವಿ.ಯವರು ಇರಲಿಲ್ಲ. ಪುತ್ತೂರಿನ ದೇವರಮಾರು ಗದ್ದೆಯ ಕಂಬಳಕ್ಕೆ ಅದಕ್ಕಿಂತ ಹೆಚ್ಚು ಜನ ಸೇರುತ್ತಾರೆ. ಗಮನಿಸಬೇಕಾದ್ದು ಇನ್ನೊಂದು. ಅವನು ದಾಖಲೆ ಮಾಡಿದ ಆ ವರ್ಷ, ಅದೇ ಊರಿನ ಅದೇ ಹೆಸರಿನ ಶಾಲೆಗೆ ಅವನ ಬಣ್ಣದ ಅನಾಥ ಹುಡುಗನೊಬ್ಬನಿಗೆ ಪ್ರವೇಶವಿರಲಿಲ್ಲ.

ನನಗೆ ಹರ್ಷಿಯ ಕತೆಯಲ್ಲಿ ಮನಸ್ಸಿಗೆ ತಟ್ಟಿದ್ದು 1937ರ ಏಪ್ರಿಲ್ ತಿಂಗಳ ಘಟನೆ. ಕಾರ್ಖಾನೆಯ ಕೆಲಸಗಾರರು ಸಂಘ ಕಟ್ಟಿ, ಯಂತ್ರ ನಿಲ್ಲಿಸಿ ಒಳಗೇ ಕುಳಿತುಬಿಟ್ಟರು. ಕಾರ್ಖಾನೆ ನಿಂತರೆ ಹಾಲು ಯಾರಿಗೆ ಬೇಕು? ದಿನಕ್ಕೆ ಲಕ್ಷಗಟ್ಟಲೆ ಪೌಂಡು ಹಾಲು ಮಾರಾಟವಿಲ್ಲದೆ ಹಾಳಾಗತೊಡಗಿತು. ಕೆಲವೇ ದಿನಗಳಲ್ಲಿ ರೈತರೂ ಕಂಪೆನಿಯ ಕಡೆಯ ಕೆಲಸಗಾರರೂ ದೊಣ್ಣೆ ಹಿಡಿದು ಒಳನುಗ್ಗಿ ಮುಷ್ಕರದವರನ್ನು ಬಡಿದು ಹೊರಗೆ ಹಾಕಿದರು. ಹಾಲು ಕರೆಯುವವನೂ ಬಡವ, ಚಾಕಲೇಟು ಕಟ್ಟುವವನೂ ಬಡವ. ಇಬ್ಬರೂ ಒಬ್ಬ ದಾನಶೂರ ಯಜಮಾನನನ್ನು ನಂಬಿ ಬದುಕುವವರು. ತಮ್ಮ ಬೆಲೆಯನ್ನು ಕೇಳಲು ಇಬ್ಬರಿಗೂ ಒಂದು ಜಾಗವೇ ಇರಲಿಲ್ಲ. ಆ ಹಾಲನ್ನು ಕುರಿತು ಓದುವಾಗ ನನಗೆ ತೆಂಗಿನ ಬುಡಕ್ಕೆ ಸುರಿದ ಬಕೀಟಿನ ನೆನಪಾಯಿತು. ಒಬ್ಬ ದೊಡ್ಡ ಮನುಷ್ಯನ ಒಳ್ಳೆಯತನಕ್ಕಿಂತ ಷೇರು ಪುಸ್ತಕದಲ್ಲಿ ಒಂದು ಸಣ್ಣ ಹೆಸರು ಇರುವುದು ನನ್ನ ಮಟ್ಟಿಗೆ ಹೆಚ್ಚು ಗಟ್ಟಿ. ಕೆಮ್ಮಿಂಜೆಯ ಕಾರ್ಖಾನೆಯ ಒಡೆಯರು ಕೊಕ್ಕೋ, ಅಡಿಕೆ ಬೆಳೆಯುವ ಸದಸ್ಯರೇ. ಈಗ ಅವರ ಸಂಖ್ಯೆ ಒಂದು ಲಕ್ಷಕ್ಕೂ ಮಿಕ್ಕಿದೆ. ಮಹಾಸಭೆಯಲ್ಲಿ ಎದ್ದು ನಿಂತು ಜಗಳವಾಡುವ ಹಕ್ಕು ಅವರಿಗಿದೆ, ಆಡುತ್ತಾರೆ ಕೂಡ.

ಇನ್ನೊಂದು ಕಡೆ ನಮ್ಮ ಊರಿಗೆ ಕೊಕ್ಕೋ ತಂದ ಕ್ಯಾಡ್‌ಬರಿಯ ಕತೆ ಏನಾಯಿತು ಎಂದರೆ, 2010ರ ಫೆಬ್ರವರಿಯಲ್ಲಿ ಆ ಬ್ರಿಟಿಷ್ ಕಂಪೆನಿಯನ್ನು ಅಮೆರಿಕದ ಕ್ರಾಫ್ಟ್ ಕಂಪೆನಿ ಕೊಂಡುಕೊಂಡಿತು. ಕೊಂಡವರ ಮುಖ್ಯಸ್ಥೆ ಒಬ್ಬ ಹೆಂಗಸು, ಐರಿನ್ ರೋಸೆನ್‌ಫೆಲ್ಡ್. ಕ್ರಾಫ್ಟಿನಲ್ಲಿ ದೊಡ್ಡ ಪಾಲಿದ್ದ ವಾರೆನ್ ಬಫೆಟ್‌ನಂಥ ಧನಿಕ ಇದು ಒಳ್ಳೆಯ ವ್ಯಾಪಾರವಲ್ಲ ಎಂದು ಬಹಿರಂಗವಾಗಿ ಹೇಳಿದರೂ ಆಕೆ ಕೇಳಲಿಲ್ಲ. ಒಬ್ಬ ಹೆಂಗಸು ಅಂಥ ಕುರ್ಚಿಯಲ್ಲಿ ಕುಳಿತು ಬಫೆಟ್‌ಗೆ ಇಲ್ಲ ಎಂದಳಲ್ಲ ಎಂದು ಮೊದಲು ನನಗೂ ಖುಷಿಯೇ ಆಯಿತು. ಆದರೆ ಕೊಳ್ಳುವ ಮೊದಲು ಇಂಗ್ಲೆಂಡಿನ ಸೋಮರ್‌ಡೇಲ್ ಎಂಬಲ್ಲಿಯ ಕಾರ್ಖಾನೆಯನ್ನು ಉಳಿಸುತ್ತೇವೆ ಎಂದವರು ಕೊಂಡು ಒಂದು ವಾರ ಕಳೆಯುವಷ್ಟರಲ್ಲಿ ಮುಚ್ಚುತ್ತೇವೆ ಎಂದರು. ಅಲ್ಲಿಯ ಸಂಸತ್ತಿನ ಸಮಿತಿ ವಿಚಾರಿಸಲು ಕರೆದಾಗ ಆಕೆ ಹೋಗಲಿಲ್ಲ. ಕುರ್ಚಿಯಲ್ಲಿ ಕುಳಿತವಳು ಹೆಂಗಸಾದ ಮಾತ್ರಕ್ಕೆ ಪ್ಯಾಕಿಂಗ್ ಕೋಣೆಯ ಹೆಂಗಸಿನ ಹೊಟ್ಟೆ ತಣ್ಣಗಾಗುವುದಿಲ್ಲ. 2012ರಲ್ಲಿ ಆ ಕಂಪೆನಿ ಎರಡಾಗಿ ಒಂದು ಭಾಗಕ್ಕೆ ಮೊಂಡೆಲೀಜ್ ಎಂದು ಹೆಸರಾಯಿತು. 2014ರಲ್ಲಿ ಭಾರತದ ಕ್ಯಾಡ್‌ಬರಿಯೂ ಅದೇ ಹೆಸರು ತಳೆಯಿತು. ಬೋರ್ನ್‌ವಿಟಾ ಕೂಡ ಈಗ ಅವರದೇ. ಅಮ್ಮನ ಡಬ್ಬಿ ಅಟ್ಟದಲ್ಲಿ ಕುಳಿತಲ್ಲೇ ಬ್ರಿಟಿಷರಿಂದ ಅಮೆರಿಕದವರ ಕೈಗೆ ಹೋಯಿತು, ನಮಗೆ ಯಾರೂ ಕಾಗದ ಹಾಕಲಿಲ್ಲ.

ಕ್ಯಾಂಪ್ಕೊದ ವಿಷಯದಲ್ಲಿ ನನಗೂ ಒಂದು ಮಾತು ಹೇಳಲಿಕ್ಕಿದೆ. ಕೊಕ್ಕೋ ಕೊಯ್ದವರು ಹೆಂಗಸರು, ಒಡೆದವರು ಹೆಂಗಸರು, ಹೊತ್ತವರು ಹೆಂಗಸರು. ಅಡಿಕೆ ಒಣಗಿಸುವುದು, ಮಗುಚುವುದು, ಸುಲಿಯುವುದು, ಹೆರಕುವುದು, ಮಳೆ ಬಂದಾಗ ಓಡಿ ರಾಶಿ ಮಾಡುವುದು ಎಲ್ಲ ಯಾರು ಮಾಡುತ್ತಾರೆಂದು ನಿಮಗೆ ಗೊತ್ತು. ಸದಸ್ಯರ ಪಟ್ಟಿಯಲ್ಲಿ ಮಾತ್ರ ಹೆಸರು ಬರುವುದು ಪಹಣಿ ಯಾರ ಹೆಸರಿನಲ್ಲಿದೆಯೋ ಅವರದು. ನಮ್ಮ ಮನೆಯ ಪಹಣಿ ಅಪ್ಪನ ಹೆಸರಿನಲ್ಲಿತ್ತು. ನಲವತ್ತು ವರ್ಷ ಕೊಕ್ಕೋ ಮಾರಿದ ಅಮ್ಮ ಒಮ್ಮೆಯೂ ಮಹಾಸಭೆಗೆ ಹೋಗಲಿಲ್ಲ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೆ ಪಾಲು ಬಂತು ಎಂದು ನಾವೆಲ್ಲ ಓದಿದ್ದೇವೆ. ಓದಿ, ಅಣ್ಣನ ಮುಖ ನೋಡಿ, ಹಕ್ಕು ಬಿಡುಗಡೆಯ ಕಾಗದಕ್ಕೆ ಸಹಿ ಹಾಕಿ ಬಂದವರೂ ನಮ್ಮಲ್ಲೇ ಇದ್ದಾರೆ. ಸಂವಿಧಾನದ 97ನೆಯ ತಿದ್ದುಪಡಿ 2012ರಲ್ಲಿ ಜಾರಿಗೆ ಬಂದು, ಸಹಕಾರಿ ಸಂಸ್ಥೆಯ ಆಡಳಿತ ಮಂಡಳಿಯಲ್ಲಿ 21ಕ್ಕಿಂತ ಹೆಚ್ಚು ನಿರ್ದೇಶಕರು ಇರಬಾರದು, ಅದರಲ್ಲಿ 2 ಸ್ಥಾನ ಹೆಂಗಸರಿಗೆ ಎಂದಿತು. 2021ರಲ್ಲಿ ಸುಪ್ರೀಂ ಕೋರ್ಟು ಆ ಭಾಗವನ್ನು ಒಂದೇ ರಾಜ್ಯದೊಳಗಿನ ಸಂಘಗಳಿಗೆ ಅನ್ವಯಿಸುವುದಿಲ್ಲವೆಂದು ತೆಗೆದುಹಾಕಿತು. ಕ್ಯಾಂಪ್ಕೊದಂಥ ಹಲವು ರಾಜ್ಯಗಳ ಸಂಸ್ಥೆಗಳಿಗೆ ಉಳಿಸಿತು. ಎರಡು ಸ್ಥಾನ. ಪುತ್ತೂರಿನವರು 2004ರಲ್ಲಿ ಶಕುಂತಳಾ ಶೆಟ್ಟಿಯವರನ್ನು, ಸುಳ್ಯದವರು 2023ರಲ್ಲಿ ಭಾಗೀರಥಿ ಮುರುಳ್ಯರನ್ನು ವಿಧಾನಸಭೆಗೇ ಕಳುಹಿಸಿದವರು. ವಿಧಾನಸೌಧದ ಮೆಟ್ಟಿಲು ಹತ್ತಿದ್ದು ಸುಲಭವಾಯಿತು, ಪಹಣಿಯ ಕಾಲಮ್ಮಿಗೆ ಹತ್ತುವುದು ಕಷ್ಟವಾಯಿತು.

2024ರಲ್ಲಿ ಒಂದು ವಿಚಿತ್ರ ನಡೆಯಿತು. ಪಶ್ಚಿಮ ಆಫ್ರಿಕದ ಘಾನಾ, ಐವರಿ ಕೋಸ್ಟ್ ದೇಶಗಳಲ್ಲಿ ಹವೆ ಕೆಟ್ಟು, ರೋಗ ಬಂದು ಬೆಳೆ ಕೈಕೊಟ್ಟಿತು. ನ್ಯೂಯಾರ್ಕಿನಲ್ಲಿ ಕೊಕ್ಕೋ ಬೆಲೆ ಟನ್ನಿಗೆ 10,000 ಡಾಲರು ದಾಟಿತು. ನಮ್ಮಲ್ಲಿ ಹಸಿ ಬೀಜದ ಬೆಲೆ ಕಿಲೋಗೆ 300 ರೂಪಾಯಿಯ ಆಸುಪಾಸಿಗೆ ಏರಿತು. ಮರೆತುಹೋಗಿದ್ದ ಮರಗಳನ್ನು ಜನ ಹುಡುಕಿಕೊಂಡು ಹೋದರು. ಕೊಕ್ಕೋ ಕದಿಯುತ್ತಾರೆ ಎಂಬ ದೂರು ನಾನು ಜೀವಮಾನದಲ್ಲಿ ಮೊದಲ ಸಲ ಕೇಳಿದ್ದು ಆಗ. ಅದಕ್ಕಿಂತ ತಮಾಷೆಯೆಂದರೆ, ಬೆಲೆ ಏರಿದ ಕೂಡಲೇ ಕೊಕ್ಕೋ ದುಡ್ಡು ಅಡುಗೆಮನೆಯಿಂದ ಎದ್ದು ಚಾವಡಿಗೆ ಬಂತು. ನನ್ನ ಪರಿಚಯದ ಎರಡು ಮೂರು ಮನೆಗಳಲ್ಲಿ, ಅದುವರೆಗೆ ಕೊಕ್ಕೋ ಕಡೆಗೆ ತಿರುಗಿಯೂ ನೋಡದಿದ್ದ ಗಂಡಸರು ತಾವೇ ಬೀಜ ತೂಗಿಸಿಕೊಂಡು ಬರಲು ಶುರು ಮಾಡಿದರು. 2025ರಲ್ಲಿ ಬೆಲೆ ಇಳಿಯಿತು. ದುಡ್ಡು ಮತ್ತೆ ಅಡುಗೆಮನೆಗೆ ಹೋಯಿತು.

ಈಗ ಅಡಿಕೆಯದೇ ಚಿಂತೆ. ಸಂಪಾಜೆ, ಅರಂತೋಡು, ತೊಡಿಕಾನ, ಮರ್ಕಂಜದ ಕಡೆ ಹಳದಿ ರೋಗ ಬಂದು ತೋಟಕ್ಕೆ ತೋಟವೇ ಹೋಗಿದೆ. ಎಲೆ ಹಳದಿಯಾಗುತ್ತದೆ, ಅಡಿಕೆಯ ತಿರುಳು ಕೆಡುತ್ತದೆ, ತಲೆ ಸಣ್ಣದಾಗುತ್ತ ಮರ ನಿಂತಲ್ಲೇ ಮುಗಿಯುತ್ತದೆ. ಮದ್ದಿಲ್ಲ. ಎಲೆಚುಕ್ಕಿ ರೋಗ ಬೇರೆ. ಅತ್ತ 2004ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಕ್ಯಾನ್ಸರ್ ತರುವ ಪದಾರ್ಥಗಳ ಪಟ್ಟಿಗೆ ಸೇರಿಸಿದೆ. ನಮ್ಮವರು ಅದನ್ನು ಒಪ್ಪುವುದಿಲ್ಲ, ಆದರೆ ಮೊಮ್ಮಕ್ಕಳಿಗೆ ಎಲೆತಟ್ಟೆ ಮುಟ್ಟಲು ಬಿಡುವುದೂ ಇಲ್ಲ.

ಅರಂತೋಡಿನ ಕಡೆಗೆ ಮದುವೆಯಾಗಿ ಹೋದ ನನ್ನ ಚಿಕ್ಕಮ್ಮನ ಮಗಳ ತೋಟದಲ್ಲಿ ಹೋದ ಮಳೆಗಾಲಕ್ಕೆ ಅಡಿಕೆ ಮರಗಳು ಮುಕ್ಕಾಲು ಪಾಲು ಹೋದವು. ಉಳಿದ ಮರಗಳ ನೆರಳಿನಲ್ಲಿ ಕೊಕ್ಕೋ ಇದೆ. ಅಡಿಕೆ ಪೂರ್ತಿ ಹೋದರೆ ಅದಕ್ಕೆ ನೆರಳು ಎಲ್ಲಿಂದ ತರುವುದೆಂದು ಯೋಚಿಸಿ, ಸಾಲಿನ ನಡುವೆ ಜಾಯಿಕಾಯಿ ಗಿಡ ನೆಡುತ್ತಿದ್ದಾಳೆ. ಗಂಡ ತೀರಿಕೊಂಡ ಮೇಲೆ ಪಹಣಿ ಅವಳ ಹೆಸರಿಗೆ ಆಗಿದೆ. ಸದಸ್ಯತ್ವಕ್ಕೆ ಅರ್ಜಿ ತುಂಬಲು ಪುತ್ತೂರಿಗೆ ಬಂದವಳು ಮಧ್ಯಾಹ್ನ ನಮ್ಮಲ್ಲಿಗೆ ಊಟಕ್ಕೆ ಬಂದಿದ್ದಳು. ‘ಅಕ್ಕ, ನಾಮಿನಿ ಎಂದು ಯಾರ ಹೆಸರು ಬರೆಯಲಿ?’ ಎಂದು ಕೇಳಿದಳು. ಮಗನೂ ಇದ್ದಾನೆ, ಮಗಳೂ ಇದ್ದಾಳೆ. ‘ಕೊಕ್ಕೋ ಕೊಯ್ಯಲು ಯಾರು ಬರುತ್ತಾರೆ?’ ಎಂದೆ. ‘ಮಗಳು’ ಎಂದಳು. ಫಾರಂ ಮೇಜಿನ ಮೇಲಿಟ್ಟು ನನ್ನ ಕನ್ನಡಕ ಕೇಳಿ ತೆಗೆದುಕೊಂಡಳು.